ಆರ್‌ವಿ ಆನಿಂಗ್ ಮುಚ್ಚುತ್ತಿಲ್ಲವೇ? ಸ್ಪ್ರಿಂಗಿಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ಆರ್‌ವಿ ಎಂಬ ಚಕ್ರದ ಮನೆಯ ಬಾಗಿಲ ಮುಂದೆ ಹರಡುವ ಬಟ್ಟೆಯ ಚಪ್ಪರವೇ ಆನಿಂಗ್. ಕೈಯಿಂದ ಬಿಚ್ಚಿ ಮುಚ್ಚುವ ಆನಿಂಗ್ ಕೈಕೊಡುವುದು ಸಾಮಾನ್ಯವಾಗಿ ಕ್ಯಾಂಪ್‌ಗ್ರೌಂಡ್ ಖಾಲಿ ಮಾಡಬೇಕಾದ ಬೆಳಗ್ಗೆಯೇ. ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲ ಸುತ್ತಿಟ್ಟಾಗಿರುತ್ತದೆ, ಬಟ್ಟೆ ಮಾತ್ರ ಅರ್ಧ ಸುತ್ತಿಕೊಂಡು ಸೊಟ್ಟಗೆ ನಿಂತುಬಿಟ್ಟಿರುತ್ತದೆ. ಆ ಹೊತ್ತಿಗೆ ಪಕ್ಕದ ಗಾಡಿಯವರೊಬ್ಬರು ಕಾಫಿ ಲೋಟ ಹಿಡಿದು ಬಂದು, ನೋಡಿದ ಮರುಕ್ಷಣವೇ ತೀರ್ಪು ಕೊಡುತ್ತಾರೆ: ಸ್ಪ್ರಿಂಗ್ ಹೋಗಿದೆ. ಯೂಟ್ಯೂಬ್ ವಿಡಿಯೊಗಳೂ ಬಹುಮಟ್ಟಿಗೆ ಸ್ಪ್ರಿಂಗಿನಿಂದಲೇ ಶುರುವಾಗುತ್ತವೆ.

ನಾನು ಒಪ್ಪುವುದಿಲ್ಲ. ಮುಚ್ಚಲೊಲ್ಲದ ಆನಿಂಗ್‌ಗಳಲ್ಲಿ ಹೆಚ್ಚಿನವಕ್ಕೆ ಸ್ಪ್ರಿಂಗ್ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ತೋಳುಗಳಲ್ಲಿ, ಬಟ್ಟೆ ಕೂತಿರುವ ಕಾಲುವೆಯಲ್ಲಿ, ಇಲ್ಲವೇ ಮುಚ್ಚುವ ಕ್ರಮದಲ್ಲಿ. ಇಡೀ ಆನಿಂಗಿನಲ್ಲಿ ಮಣಿಕಟ್ಟು ಮುರಿಯಬಲ್ಲ ಭಾಗ ಸ್ಪ್ರಿಂಗ್ ಒಂದೇ. ಹಾಗಾಗಿ ಅದಕ್ಕೆ ಕೈ ಹಾಕುವುದು ಉಳಿದೆಲ್ಲವನ್ನೂ ನೋಡಿ ಮುಗಿದ ಮೇಲೆ.

ಈ ಬರಹ ಯಾವ ಆನಿಂಗಿಗೆ

ಅಮೆರಿಕದಲ್ಲಿ ಆರ್‌ವಿ ಎಂದರೆ ಮಂಚ, ಒಲೆ, ಶೌಚಾಲಯ ಎಲ್ಲ ಇರುವ ಚಕ್ರದ ಮನೆ. ತಾನೇ ಓಡುವ ಮೋಟರ್‌ಹೋಮ್ ಇರಬಹುದು, ಟ್ರಕ್ ಎಳೆಯುವ ಟ್ರೇಲರ್ ಇರಬಹುದು. ಅದರ ಬಾಗಿಲು ಬಲಪಕ್ಕದಲ್ಲಿ, ಅಂದರೆ ರಸ್ತೆಯಂಚಿನ ಕಡೆ ಇರುತ್ತದೆ. ಬಾಗಿಲ ಮುಂದೆ ಚಪ್ಪರದಂತೆ ಹರಡಿಕೊಳ್ಳುವ ಬಟ್ಟೆಯೇ ಆನಿಂಗ್. ಹೊಸ ವಾಹನಗಳಲ್ಲಿ ಇದಕ್ಕೆ ಮೋಟರ್ ಬಂದಿದೆ. ಹಳೆಯ ಟ್ರೇಲರ್ ಕೊಂಡವರಿಗೆ ಸಿಗುವುದು ಸ್ಪ್ರಿಂಗಿನ ಬಲದಲ್ಲಿ ಸುತ್ತಿಕೊಳ್ಳುವ ಕೈಚಾಲಿತ ಮಾದರಿ: ಡೊಮೆಟಿಕ್ ಕಂಪನಿಯ ಎ ಅಂಡ್ ಇ 8500, ಕೊಲೊರಾಡೊದ ಕೇರ್‌ಫ್ರೀ ಕಂಪನಿಯ ಹಳೆಯ ಆನಿಂಗ್‌ಗಳು, ಹೀಗೆ. ಇಲ್ಲಿರುವುದು ಈ ಬಗೆಯವುಗಳ ಬಗ್ಗೆ. ಗುಬುಟು, ಚಿಲಕಗಳ ಆಕಾರ ಮಾದರಿಯಿಂದ ಮಾದರಿಗೆ ಬೇರೆಯಾದರೂ ಕೆಲಸ ಮಾಡುವ ರೀತಿ ಒಂದೇ.

ಬಾಡಿಗೆ ಆರ್‌ವಿಯಾದರೆ ಇಲ್ಲಿಗೇ ನಿಲ್ಲಿಸಿ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಯೋಸೆಮಿಟಿಗೋ ಯೆಲ್ಲೊಸ್ಟೋನಿಗೋ ಕರೆದುಕೊಂಡು ಹೋಗಲು ಒಂದು ವಾರಕ್ಕೆ ಗಾಡಿ ತೆಗೆದುಕೊಂಡ ನೀವು ಅದರ ರಿವೆಟ್ ಕೀಳಬೇಕಾದ ಅಗತ್ಯವಿಲ್ಲ. ಫೋಟೊ ತೆಗೆಯಿರಿ, ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿ. ಆನಿಂಗ್ ಹಾನಿಯನ್ನು ಯಾರು ಭರಿಸಬೇಕು ಎಂಬುದನ್ನು ಕರಾರುಪತ್ರದಲ್ಲಿ ಮೊದಲೇ ಓದಿಕೊಂಡಿದ್ದರೆ ಒಳ್ಳೆಯದು.

ಯಾವುದು ಎಲ್ಲಿದೆ

ವಾಹನದ ಗೋಡೆಯ ಮೇಲಂಚಿನಲ್ಲಿ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಸ್ಕ್ರೂ ಮಾಡಿರುತ್ತಾರೆ. ಇದು ರೈಲ್. ಇದರ ಉದ್ದಕ್ಕೂ ಬಾಯಿ ಕಿರಿದಾದ ಒಂದು ಕಾಲುವೆ ಇದೆ. ಬಟ್ಟೆಯ ಅಂಚನ್ನು ಮಡಚಿ ಹೊಲಿದು, ಲಂಗದಲ್ಲಿ ಲಾಡಿ ಇದ್ದ ಹಾಗೆ ಒಳಗೊಂದು ಪ್ಲಾಸ್ಟಿಕ್ ಹುರಿ ತೂರಿಸಿರುತ್ತಾರೆ. ಹುರಿ ತುಂಬಿದ ಆ ಅಂಚು ಪಕ್ಕದಿಂದ ಜಾರಿಕೊಂಡು ಕಾಲುವೆಯೊಳಗೆ ಕೂರುತ್ತದೆ. ಮುಂದಕ್ಕೆ ಎಷ್ಟು ಎಳೆದರೂ ಹೊರಬರುವುದಿಲ್ಲ, ಪಕ್ಕಕ್ಕೆ ಮಾತ್ರ ಜಾರಬಲ್ಲದು. ಜಾರದಿರಲೆಂದು ಎರಡೂ ತುದಿಯಲ್ಲಿ ಒಂದೊಂದು ಸಣ್ಣ ಸ್ಕ್ರೂ ಇರುತ್ತದೆ. ಈ ಸ್ಕ್ರೂಗಳನ್ನು ನೆನಪಿಟ್ಟುಕೊಳ್ಳಿ.

ಬಟ್ಟೆಯ ಇನ್ನೊಂದು ಅಂಚು ದಪ್ಪ ಅಲ್ಯೂಮಿನಿಯಂ ಕೊಳವೆಯ ಕಾಲುವೆಯಲ್ಲಿ ಇದೇ ರೀತಿ ಕೂತಿರುತ್ತದೆ. ಕೊಳವೆಯ ಎರಡೂ ತುದಿಗಳ ಒಳಗೆ ಒಂದೊಂದು ತಿರುಚು ಸ್ಪ್ರಿಂಗ್ ಇದೆ. ಬಟ್ಟೆ ಎಳೆದಾಗ ಕೊಳವೆ ತಿರುಗಿ ಸ್ಪ್ರಿಂಗ್ ಬಿಗಿಯಾಗುತ್ತದೆ, ಬಿಟ್ಟಾಗ ಅದೇ ಬಿಗುವು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ವಾಹನದತ್ತ ಮುಖ ಮಾಡಿ ನಿಂತರೆ ಸಾಮಾನ್ಯವಾಗಿ ಬಲತುದಿಯ ಮುಚ್ಚಳದಲ್ಲಿ, ಹಲ್ಲುಗಾಲಿಗೆ ನಾಲಿಗೆ ಕಚ್ಚಿ ಕೊಳವೆಯನ್ನು ಒಂದೇ ದಿಕ್ಕಿಗೆ ತಿರುಗಲು ಬಿಡುವ ರ‍್ಯಾಚೆಟ್ ಮತ್ತು ಅದರ ಸಣ್ಣ ಲಿವರ್ ಇರುತ್ತವೆ. ಲಿವರ್ ‘ಬಿಚ್ಚು’ ಕಡೆ ಇದ್ದರೆ ಕೊಳವೆ ಬಿಚ್ಚುವ ದಿಕ್ಕಿಗೆ ಮಾತ್ರ ತಿರುಗುತ್ತದೆ, ‘ಸುತ್ತು’ ಕಡೆ ಇದ್ದರೆ ಸುತ್ತುವ ದಿಕ್ಕಿಗೆ ಮಾತ್ರ. ಹೆದ್ದಾರಿಯ ಗಾಳಿಗೆ ಆನಿಂಗ್ ತಾನಾಗಿ ಬಿಚ್ಚಿಕೊಳ್ಳದಂತೆ ಹಿಡಿದಿಡುವುದೂ ಇದೇ ಪುಟ್ಟ ರ‍್ಯಾಚೆಟ್.

ಕೊಳವೆಯನ್ನು ಹೊತ್ತಿರುವುದು ಪ್ರತಿ ಬದಿಗೆ ಎರಡರಂತೆ ಇರುವ ತೋಳುಗಳು. ಹೊರತೋಳಿನ ಬುಡ ಗೋಡೆಯ ಕೆಳಗಿನ ಬ್ರಾಕೆಟ್‌ಗೆ ಸಿಕ್ಕಿಕೊಂಡಿರುತ್ತದೆ, ತುದಿ ಕೊಳವೆಯಿಂದ ಹೊರಚಾಚಿದ, ಒಳಗೆ ಸ್ಪ್ರಿಂಗ್ ಕಟ್ಟಿಕೊಂಡಿರುವ ದಂಡಕ್ಕೆ ಸೇರಿರುತ್ತದೆ. ಬಟ್ಟೆಯನ್ನು ಬಿಗಿಯಾಗಿ ಚಾಚಿಡುವ ಒಳತೋಳಿಗೆ ರಾಫ್ಟರ್ ಎನ್ನುತ್ತಾರೆ. ಅದು ಹೊರತೋಳಿನ ಕಾಲುವೆಯಲ್ಲಿ ಜಾರುತ್ತದೆ, ಕಪ್ಪು ಗುಬುಟು ತಿರುಗಿಸಿದರೆ ಬಿಗಿಯಾಗುತ್ತದೆ.

ಮೊದಲು ಸರಿಯಾದ ಕ್ರಮದಲ್ಲಿ ಒಮ್ಮೆ ಮುಚ್ಚಿ ನೋಡಿ

ಅವಸರದಲ್ಲಿ ಒಂದು ಹಂತ ಬಿಟ್ಟುಹೋಗಿ ಆನಿಂಗ್ ಸಿಕ್ಕಿಹಾಕಿಕೊಳ್ಳುವುದು ತೀರಾ ಸಾಮಾನ್ಯ. ಹಾಗಾಗಿ ದುರಸ್ತಿಯ ಮೊದಲ ಹೆಜ್ಜೆ ಪೂರ್ತಿ ಬಿಚ್ಚಿ ಹೊಸದಾಗಿ ಮುಚ್ಚುವುದು. ಗಾಳಿ ಬೀಸುತ್ತಿದ್ದರೆ ಇಬ್ಬರು ಬೇಕು.

ಬಟ್ಟೆಗೆ ಸಿಕ್ಕಿಸಿದ ದೀಪದ ಸರ, ಕ್ಲಿಪ್ಪು ಎಲ್ಲ ತೆಗೆಯಿರಿ. ಎರಡೂ ಹೊರತೋಳುಗಳನ್ನು ತೀರಾ ಕೆಳಮಟ್ಟಕ್ಕೆ ಇಳಿಸಿ. ಎತ್ತರ ಹೊಂದಿಸುವ ತೂತುಗಳಲ್ಲಿ ಒಂದು ಬದಿ ಒಂದೇ ಒಂದು ತೂತು ಮೇಲಿದ್ದರೂ ಬಟ್ಟೆ ಸೊಟ್ಟಗೆ ಸುತ್ತಿಕೊಳ್ಳುತ್ತದೆ. ಮಳೆನೀರು ಹರಿದುಹೋಗಲಿ ಎಂದು ರಾತ್ರಿ ಒಂದು ತೋಳು ಇಳಿಸಿದವರು ಬೆಳಗ್ಗೆ ಮರೆಯುವುದು ಇದನ್ನೇ. ಬಳಿಕ ಎರಡೂ ರಾಫ್ಟರ್‌ಗಳ ಗುಬುಟು ಸಡಿಲಿಸಿ, ತುದಿಯನ್ನು ಕೊಂಡಿಯಿಂದ ಬಿಡಿಸಿ ಕೆಳಗೆ ಜಾರಿಸಿ. ಗುಬುಟು ಸಡಿಲಾದ ಮಾತ್ರಕ್ಕೆ ರಾಫ್ಟರ್ ಬಿಟ್ಟುಕೊಂಡಿತು ಎಂದುಕೊಳ್ಳಬೇಡಿ, ಕೈಯಲ್ಲಿ ಹಿಡಿದು ಜಾರಿಸಿಯೇ ನೋಡಿ. ಎಳೆಯುವ ಪಟ್ಟಿಯನ್ನು ಕೊಳವೆಯ ನಟ್ಟನಡುವಿಗೆ ಸರಿಸಿ. ಕೊಕ್ಕೆಕೋಲನ್ನು ಪಟ್ಟಿಯ ಕುಣಿಕೆಗೆ ಸಿಕ್ಕಿಸಿ, ತುಸು ನಿಮ್ಮತ್ತ ಎಳೆದು ಹಿಡಿದೇ ಲಿವರನ್ನು ‘ಸುತ್ತು’ ಕಡೆಗೆ ತಳ್ಳಿ. ಎಳೆತ ಬಿಡದೆ ನಿಧಾನವಾಗಿ ಒಳಗೆ ಹೋಗಲು ಬಿಡಿ.

ಈಗ ಮುಚ್ಚಿಕೊಂಡರೆ ಸರಿ. ಮುಚ್ಚದಿದ್ದರೆ ಅದು ಹೇಗೆ ಮುಚ್ಚಲಿಲ್ಲ ಎಂಬುದನ್ನು ನೋಡಬೇಕು. ದೋಷ ಎಲ್ಲಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಸಾಧ್ಯವಾದರೆ ಮನೆಯವರಿಗೆ ಮೊಬೈಲ್ ಕೊಟ್ಟು, ಹತ್ತು ಹೆಜ್ಜೆ ಹಿಂದಿನಿಂದ ವಿಡಿಯೊ ತೆಗೆಯಲು ಹೇಳಿ. ಬಟ್ಟೆಯ ಕೆಳಗೆ ನಿಂತವರಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಕದಲುವುದೇ ಇಲ್ಲ ಎಂದಾದರೆ

ಲಿವರ್ ಸರಿಯಾಗಿ ಬಿದ್ದಿಲ್ಲ, ಇಲ್ಲವೇ ರ‍್ಯಾಚೆಟ್ ಕಚ್ಚಿಕೊಂಡಿದೆ. ಪಟ್ಟಿಯನ್ನು ಒಂದಂಗುಲ ಹೊರಗೆ ಎಳೆದರೆ ರ‍್ಯಾಚೆಟ್ ನಾಲಿಗೆಯ ಮೇಲಿನ ಭಾರ ಇಳಿಯುತ್ತದೆ. ಆಗ ಲಿವರ್ ತಳ್ಳಿ. ಭಾರ ಇರುವಾಗಲೇ ಕೋಲಿನಿಂದ ಬಡಿದರೆ ಬಿಸಿಲಿಗೆ ಒಣಗಿ ಪೆಡಸಾದ ಪ್ಲಾಸ್ಟಿಕ್ ಲಿವರ್ ಮುರಿದು ಕೈಗೆ ಬರುತ್ತದೆ. ಲಿವರ್ ಮುರಿದಿದ್ದರೂ ಒಳಗಿನ ನಾಲಿಗೆ ಚೆನ್ನಾಗಿದ್ದರೆ, ಏಣಿ ಹತ್ತಿ ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಆಚೀಚೆ ಸರಿಸಿ ಆ ದಿನದ ಕೆಲಸ ಸಾಗಿಸಬಹುದು.

ಕುಂಬಾರ ಹುಳುಗಳಿಗೂ ಈ ಜಾಗ ಇಷ್ಟ. ರ‍್ಯಾಚೆಟ್ ಮತ್ತು ತೋಳಿನ ಕಾಲುವೆಗಳಲ್ಲಿ ಅವು ಕಟ್ಟುವ ಮಣ್ಣಿನ ಗೂಡು ಗಟ್ಟಿಯಾಗಿ ಭಾಗಗಳು ಜಾರದಂತೆ ತಡೆಯುತ್ತದೆ. ಕಡ್ಡಿಯಿಂದ ಕೆರೆದು, ಬ್ರಷ್‌ನಿಂದ ಒರೆಸಿ, ಒಣ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಎಂಜಿನ್ ಆಯಿಲ್ ಬೇಡ. ಅವು ಧೂಳು ಹಿಡಿದು ಒಂದೇ ಬೇಸಿಗೆಯಲ್ಲಿ ಅಂಟಾಗುತ್ತವೆ, ಬಟ್ಟೆಗೂ ಕಲೆ.

ಒಂದು ತುದಿ ಮೊದಲು ಸೇರಿ ಇನ್ನೊಂದು ಹಿಂದುಳಿದರೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ಎಡತುದಿ ಗೋಡೆಗೆ ತಾಗಿದೆ, ಬಲತುದಿ ನಾಲ್ಕು ಬೆರಳು ದೂರ ಉಳಿದಿದೆ ಎನ್ನಿ. ಬಲಗಡೆಯ ಸ್ಪ್ರಿಂಗ್ ಸೋತಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕೊಳವೆ ಒಂದೇ ಅಲ್ಲವೇ? ಎರಡು ಸ್ಪ್ರಿಂಗ್‌ಗಳೂ ತಿರುಗಿಸುವುದು ಅದೇ ಗಟ್ಟಿ ಕೊಳವೆಯನ್ನು. ಎಡತುದಿ ಒಂದು ಸುತ್ತು ತಿರುಗಿದರೆ ಬಲತುದಿಯೂ ಒಂದೇ ಸುತ್ತು ತಿರುಗುತ್ತದೆ. ಒಂದು ಸ್ಪ್ರಿಂಗ್ ಪೂರ್ತಿ ತುಂಡಾದರೂ ಒಟ್ಟು ಬಲ ಕಡಿಮೆಯಾದೀತೇ ಹೊರತು ಒಂದು ತುದಿ ಹಿಂದುಳಿಯಬೇಕಾಗಿಲ್ಲ. ಹಿಂದುಳಿಯುವುದು ಒಂದೋ ಆ ಬದಿಯ ತೋಳನ್ನು ಏನೋ ತಡೆದಾಗ, ಇಲ್ಲವೇ ಆ ಬದಿಯಲ್ಲಿ ಬಟ್ಟೆ ಉದ್ದವಾದಾಗ ಅಥವಾ ಸೊಟ್ಟಗೆ ಕೂತಾಗ.

ಹಾಗಾಗಿ ಅಳತೆಯ ಟೇಪ್ ತೆಗೆಯಿರಿ. ವಾಹನ ಸಮತಟ್ಟಾಗಿ ನಿಂತಿರಲಿ.

ಮೊದಲು ತೋಳುಗಳು. ಆನಿಂಗನ್ನು ಆದಷ್ಟು ಮುಚ್ಚಿ, ಎರಡು ಹೊರತೋಳುಗಳ ನಡುವಿನ ಅಂತರವನ್ನು ಮೇಲೆ ಕೊಳವೆಯ ಹತ್ತಿರ ಒಮ್ಮೆ, ಕೆಳಗೆ ಬ್ರಾಕೆಟ್ ಹತ್ತಿರ ಒಮ್ಮೆ ಅಳೆಯಿರಿ. ಎರಡೂ ಒಂದೇ ಇರಬೇಕು. ಆಮೇಲೆ ಎಡತೋಳಿನ ತಲೆಯಿಂದ ಬಲತೋಳಿನ ಬುಡಕ್ಕೆ, ಬಲತೋಳಿನ ತಲೆಯಿಂದ ಎಡತೋಳಿನ ಬುಡಕ್ಕೆ ಓರೆಯಾಗಿ ಅಳೆಯಿರಿ. ಈ ಎರಡೂ ಒಂದೇ ಬಂದರೆ ಚೌಕಟ್ಟು ನೇರವಾಗಿದೆ. ವ್ಯತ್ಯಾಸ ಬಂದರೆ ಬಟ್ಟೆ ಒಂದು ಕಡೆಗೆ ಜರುಗಿರಬೇಕು ಅಥವಾ ಕೆಳಗಿನ ಬ್ರಾಕೆಟ್ ಜಾಗ ಬಿಟ್ಟಿರಬೇಕು.

ಬ್ರಾಕೆಟ್ ಹಿಡಿದು ಅಲುಗಿಸಿ ನೋಡಿ. ಅಲುಗಿದರೆ ಸ್ಕ್ರೂ ಕಚ್ಚಿದ್ದ ಮರ ಕೊಳೆತಿರುವ ಸಾಧ್ಯತೆ ಹೆಚ್ಚು. ದಪ್ಪ ಸ್ಕ್ರೂ ಹಾಕಿ ಬಿಗಿದು ಕೈ ತೊಳೆದುಕೊಳ್ಳುವುದು ಸುಲಭ, ಆದರೆ ಮೆತ್ತಗಾದ ಮರದಲ್ಲಿ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಮೇಲಿನಿಂದ ನೀರು ಎಲ್ಲಿ ಇಳಿಯುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸಿ, ಕೊಳೆತ ತುಂಡನ್ನು ಬದಲಿಸಿ. ಬ್ರಾಕೆಟ್ಟಿನ ಹಿಂದೆ ನೀರು ಇಳಿಯದಂತೆ ತಡೆಯುವ ಬ್ಯುಟೈಲ್ ಟೇಪ್ ಇಟ್ಟು ಮತ್ತೆ ಕೂರಿಸಿ. ಆನಿಂಗ್ ಕೆಲಸ ಎಂದು ಶುರುವಾದದ್ದು ಗೋಡೆಯ ಕೆಲಸವಾಗಿ ಬೆಳೆಯುವುದು ಹಳೆಯ ಟ್ರೇಲರ್‌ಗಳಲ್ಲಿ ಹೊಸದೇನಲ್ಲ.

ಆಮೇಲೆ ಬಟ್ಟೆ. ಆನಿಂಗನ್ನು ಪೂರ್ತಿ ಬಿಚ್ಚಿ, ಏಣಿ ಹತ್ತಿ ರೈಲಿನ ಎರಡೂ ತುದಿ ನೋಡಿ. ತುದಿಯ ಸ್ಕ್ರೂ ಇದೆಯೇ? ಬಿದ್ದುಹೋಗಿದ್ದರೆ ಅಥವಾ ಅದರ ಬಳಿ ಬಟ್ಟೆ ಹರಿದು ಉದ್ದನೆಯ ಸೀಳಾಗಿದ್ದರೆ ಬಟ್ಟೆ ಜರುಗಿದೆ ಎಂದೇ ಅರ್ಥ. ಕೊಳವೆಯ ಕಡೆಯೂ ಎರಡು ತುದಿಯ ಮುಚ್ಚಳಗಳಿಂದ ಬಟ್ಟೆಯ ಅಂಚಿಗೆ ಇರುವ ಅಂತರ ಅಳೆಯಿರಿ. ಮೇಲಂಚು ಒಂದು ಕಡೆ, ಕೆಳಂಚು ಇನ್ನೊಂದು ಕಡೆ ಜರುಗಿದ್ದರೆ ಬಟ್ಟೆ ಚೌಕವಾಗಿರದೆ ಓರೆಯಾಗಿರುತ್ತದೆ. ಸುತ್ತಿದಾಗ ಪ್ರತಿ ಸುತ್ತೂ ಹಿಂದಿನದಕ್ಕಿಂತ ತುಸು ಪಕ್ಕಕ್ಕೆ ಬೀಳುತ್ತ ಹೋಗುತ್ತದೆ. ಕೊನೆಗೆ ಸುರುಳಿಯ ಒಂದು ತುದಿ ಮೊನಚಾಗಿ ಹೊರಚಾಚಿ ತೋಳಿಗೆ ಉಜ್ಜುತ್ತದೆ. ಆ ಭಾಗದಲ್ಲಿ ಬಟ್ಟೆಯ ಬಣ್ಣ ಸವೆದು ಬಿಳಿ ನೂಲು ಕಾಣುತ್ತಿದ್ದರೆ ಇದು ಬಹಳ ದಿನದಿಂದ ನಡೆಯುತ್ತಿದೆ.

ಬಟ್ಟೆಯನ್ನು ನಡುವಿಗೆ ತರುವುದು

ರಾಫ್ಟರ್‌ಗಳನ್ನು ಸಡಿಲಿಸಿ, ಬಟ್ಟೆ ಬಿಗುವಾಗಿರದೆ ತುಸು ಜೋಲುವಂತೆ ಇರಲಿ. ಲಿವರ್ ‘ಬಿಚ್ಚು’ ಕಡೆಯೇ ಇರಬೇಕು, ಇಲ್ಲವಾದರೆ ನೀವು ಏಣಿಯ ಮೇಲಿರುವಾಗ ಕೊಳವೆ ಸುತ್ತಿಕೊಳ್ಳಲು ಹೊರಡುತ್ತದೆ. ರೈಲಿನ ಎರಡೂ ತುದಿಯ ಸ್ಕ್ರೂ ತೆಗೆಯಿರಿ. ಕಾಲುವೆಯ ಉದ್ದಕ್ಕೂ ಸಿಲಿಕೋನ್ ಸ್ಪ್ರೇ ಹೊಡೆಯಿರಿ, ಅದಿಲ್ಲದಿದ್ದರೆ ಸೋಪುನೀರು. ಒಬ್ಬರು ಒಂದು ತುದಿಯಲ್ಲಿ ರೈಲಿಗೆ ಹತ್ತಿರದಲ್ಲೇ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕಕ್ಕೆ ಎಳೆಯಲಿ. ಇನ್ನೊಬ್ಬರು ನಡುವೆ ನಿಂತು ಬಟ್ಟೆಯ ಭಾರವನ್ನು ಮೇಲಕ್ಕೆತ್ತಿ ಹಿಡಿಯಲಿ. ಕೆಳಗೆ ಜೋತುಬಿದ್ದ ಬಟ್ಟೆಯನ್ನು ಎಳೆದರೆ ಹುರಿ ಕಾಲುವೆಯ ಬಾಯಿಗೆ ಒತ್ತಿಕೊಂಡು ಕದಲುವುದಿಲ್ಲ. ರೈಲಿಗೆ ಸಮಾನಾಂತರವಾಗಿ ಎಳೆದಾಗ ಮಾತ್ರ ಬೆರಳಗಲ, ಎರಡು ಬೆರಳಗಲ ಜಾರುತ್ತದೆ.

ರೈಲಿನಲ್ಲಿರುವ ಬಟ್ಟೆಯ ತುದಿ, ಕೊಳವೆಯಲ್ಲಿ ಕೂತಿರುವ ಬಟ್ಟೆಯ ತುದಿಗೆ ನೇರಕ್ಕೆ ಬರುವವರೆಗೂ ಸರಿಸಿ. ಸ್ಕ್ರೂ ಹಾಕಬೇಡಿ. ಮೊದಲು ಕೈಯಿಂದ ಹಿಡಿತದಲ್ಲಿಟ್ಟುಕೊಂಡು ಕೊಳವೆಯನ್ನು ಎರಡು ಮೂರು ಸುತ್ತು ಸುತ್ತಲು ಬಿಡಿ. ಸುರುಳಿಯ ಅಂಚು ಒಂದರ ಮೇಲೊಂದು ಸಮನಾಗಿ ಬೀಳುತ್ತಿದ್ದರೆ ಪೂರ್ತಿ ಮುಚ್ಚಿ, ಮತ್ತೆ ಬಿಚ್ಚಿ. ಎರಡನೆಯ ಸಲವೂ ಹಾಗೆಯೇ ಬಂದರೆ ಆಗ ಸ್ಕ್ರೂ ಹಾಕಿ, ತಲೆಯ ಮೇಲೆ ಸೀಲಂಟ್ ಹಚ್ಚಿ. ಇಷ್ಟು ಮಾಡಿ ತೋಳುಗಳೂ ನೇರವಿದ್ದರೆ ಬಹುತೇಕ ಸೊಟ್ಟ ಆನಿಂಗ್‌ಗಳು ದಾರಿಗೆ ಬರುತ್ತವೆ.

ಬರದಿದ್ದರೆ ಬಟ್ಟೆ ಹಿಗ್ಗಿರಬೇಕು. ಪೂರ್ತಿ ಬಿಗಿದು ಚಾಚಿ, ರೈಲಿನಿಂದ ಕೊಳವೆಯವರೆಗೆ ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ ಅಳೆಯಿರಿ. ಮಳೆನೀರು ಒಂದು ಮೂಲೆಯಲ್ಲಿ ನಿಂತು ತೂಗಿದ್ದ ಬಟ್ಟೆಯಲ್ಲಿ ಆ ಬದಿ ಉದ್ದವಾಗಿರುತ್ತದೆ. ಒಂದು ಗ್ಯಾಲನ್ ನೀರು ಸುಮಾರು 3.8 ಕೆಜಿ ತೂಗುತ್ತದೆ, ಒಂದು ಹೊಂಡದಲ್ಲಿ ಎಷ್ಟು ಗ್ಯಾಲನ್ ನಿಲ್ಲಬಹುದು ಎಂದು ಲೆಕ್ಕ ಹಾಕಿ. ಹಿಗ್ಗಿದ ಬಟ್ಟೆಯನ್ನು ಕುಗ್ಗಿಸುವ ಉಪಾಯವಿಲ್ಲ. ಹೊಸ ಬಟ್ಟೆ ಬರುವವರೆಗೆ ಒಂದು ಕೆಲಸ ಮಾಡಬಹುದು: ಹಿಂದುಳಿಯುವ ತುದಿಯಲ್ಲಿ ಕೊಳವೆಗೂ ಬಟ್ಟೆಗೂ ನಡುವೆ ತೆಳುವಾದ ವಿನೈಲ್ (ಪ್ಲಾಸ್ಟಿಕ್) ಪಟ್ಟಿಯೊಂದನ್ನು ಅಂಟಿಸಿ. ಅಲ್ಲಿ ಕೊಳವೆ ತುಸು ದಪ್ಪವಾಗಿ, ಪ್ರತಿ ಸುತ್ತಿಗೂ ಆ ಬದಿಯಲ್ಲಿ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ, ಉಳಿದ ತುದಿಯೊಡನೆ ಸಮನಾಗುತ್ತದೆ. ಸ್ವಲ್ಪದರಿಂದ ಶುರುಮಾಡಿ. ಇದು ತಾತ್ಕಾಲಿಕ ತೇಪೆ ಅಷ್ಟೇ.

ಬಟ್ಟೆ ಸುತ್ತಿತು, ತೋಳು ಮಡಚಲಿಲ್ಲ

ಕೊಳವೆ ಗೋಡೆಗೆ ತಾಗಿದೆ, ಆದರೆ ತೋಳುಗಳು ಹೊರಗೆ ಉಬ್ಬಿ ನಿಂತಿವೆ, ಚಿಲಕ ಬೀಳುತ್ತಿಲ್ಲ. ಇದು ರಾಫ್ಟರಿನ ಸಮಸ್ಯೆ. ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿ, ಬಾಗಿದ್ದರೆ ತಕ್ಷಣ ತಿಳಿಯುತ್ತದೆ. ಗಾಳಿಗೆ ಆನಿಂಗ್ ಒಮ್ಮೆ ಎತ್ತಿ ಬಡಿದರೆ ಸಾಕು, ಅಲ್ಯೂಮಿನಿಯಂ ರಾಫ್ಟರ್ ಬಾಗುತ್ತದೆ. ಬಾಗಿದ್ದನ್ನು ಮೊಣಕಾಲಿಗೆ ಕೊಟ್ಟು ನೆಟ್ಟಗೆ ಮಾಡುವವರಿದ್ದಾರೆ. ಆ ಜಾಗದಲ್ಲಿ ಲೋಹ ದಣಿದಿರುತ್ತದೆ, ಮುಂದಿನ ಗಾಳಿಗೆ ಅಲ್ಲೇ ಮಡಚುತ್ತದೆ. ಈ ತುಂಡು ಬಿಡಿಯಾಗಿ ಸಿಗುವುದರಿಂದ ಬದಲಿಸುವುದೇ ಸರಿ.

ರಾಫ್ಟರ್ ಬಾಗಿರದಿದ್ದರೆ ಗುಬುಟಿನ ಬೋಲ್ಟ್ ಪೂರ್ತಿ ಒಳಗೆ ಹೋಗಿದೆಯೇ, ಜಾರುವ ಪ್ಲಾಸ್ಟಿಕ್ ತುಂಡು ಒಡೆದು ಅಡ್ಡ ನಿಂತಿದೆಯೇ, ತೋಳಿನ ಕಾಲುವೆಯ ಅಂಚು ಜಜ್ಜಿಹೋಗಿದೆಯೇ ನೋಡಿ. ಜಜ್ಜಿದ ಅಂಚನ್ನು ಅರದಿಂದ ಉಜ್ಜಿದರೆ ಸಾಕು.

ಕೊನೆಗೆ ಸ್ಪ್ರಿಂಗ್

ಬಟ್ಟೆ ನೇರವಾಗಿಯೇ ಬರುತ್ತಿದೆ, ಆದರೆ ದಾರಿಯಲ್ಲಿ ಬಲ ಸತ್ತು ಜೋತುಬೀಳುತ್ತಿದೆ ಎಂದಾಗ ಮಾತ್ರ ಇಲ್ಲಿಗೆ ಬನ್ನಿ. ಬಟ್ಟೆ ಒದ್ದೆಯಾಗಿದ್ದರೆ ಮೊದಲು ಒಣಗಿಸಿ ನೋಡಿ, ಭಾರಕ್ಕೇ ನಿಂತಿರಬಹುದು. ಒಣ ಬಟ್ಟೆಯಲ್ಲಿ ಪರೀಕ್ಷೆ ಹೀಗೆ: ಎರಡಡಿಯಷ್ಟು ಬಿಚ್ಚಿ, ಲಿವರ್ ‘ಸುತ್ತು’ ಕಡೆ ಹಾಕಿ, ಪಟ್ಟಿ ಹಿಡಿದು ನಿಧಾನವಾಗಿ ಒಳಗೆ ಬಿಡಿ. ಗೋಡೆಗೆ ತಾಗುವವರೆಗೂ ಪಟ್ಟಿ ನಿಮ್ಮ ಕೈಯನ್ನು ಎಳೆಯುತ್ತಿರಬೇಕು. ಕೊನೆಯ ಭಾಗದಲ್ಲಿ ಮಾತ್ರ ಎಳೆತ ನಿಂತರೆ ಸ್ಪ್ರಿಂಗ್ ಸರಿಯಿದೆ, ಮೊದಲೇ ಕೊಟ್ಟಿರಬೇಕಾದ ಸುತ್ತುಗಳು ಕಡಿಮೆಯಾಗಿವೆ. ಉದ್ದಕ್ಕೂ ದುರ್ಬಲವಾಗಿದ್ದು ಕೊಳವೆಯೊಳಗೆ ಗರಗರ ಸದ್ದು ಬಂದರೆ ಒಂದು ಸ್ಪ್ರಿಂಗ್ ತುಂಡಾಗಿದೆ.

ಕಡಿಮೆಯಾದ ಸುತ್ತು ಸೇರಿಸುವ ಕೆಲಸವನ್ನು ರ‍್ಯಾಚೆಟ್ ಇಲ್ಲದ ಎಡತುದಿಯಿಂದ ಮಾಡುವುದು ಸುಲಭ. ಕೊಳವೆ ಒಂದೇ ಆದ್ದರಿಂದ ಆ ತುದಿಯಲ್ಲಿ ಸೇರಿಸಿದ ಬಲ ಇಡೀ ಆನಿಂಗಿಗೆ ಸಿಗುತ್ತದೆ. ಗಟ್ಟಿ ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ, ಜೊತೆಗೊಬ್ಬರು, ಎರಡು ಏಣಿ, ಕಚ್ಚಿದ ಹಿಡಿತ ಬಿಡದ ಲಾಕಿಂಗ್ ಪ್ಲೈಯರ್ ಮತ್ತು ಮುಚ್ಚಳದ ತೂತಿಗೆ ಹೊಂದುವ ಕಾಟರ್ ಪಿನ್ (ಭಾಗಗಳು ತಿರುಗದಂತೆ ತೂತಿಗೆ ತೂರಿಸುವ ಲೋಹದ ಕಡ್ಡಿ) ಬೇಕು. ನಿಮ್ಮ ಮಾದರಿಯ ಕೈಪಿಡಿ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ಪಿನ್ನಿನ ತೂತು ಎಲ್ಲಿದೆ, ನಿಮ್ಮ ಉದ್ದದ ಆನಿಂಗಿಗೆ ಒಟ್ಟು ಎಷ್ಟು ಸುತ್ತು ಎಂಬುದನ್ನು ಅದರಲ್ಲೇ ನೋಡಿಕೊಳ್ಳಿ. ಸುತ್ತಿನ ಲೆಕ್ಕ ಉದ್ದಕ್ಕೆ ತಕ್ಕಂತೆ ಬದಲಾಗುವುದರಿಂದ ಬೇರೆಯವರ ಗಾಡಿಯ ಸಂಖ್ಯೆ ನಿಮಗೆ ಆಗುವುದಿಲ್ಲ.

1. ಆನಿಂಗನ್ನು ಒಂದೂವರೆ ಅಡಿ ಬಿಚ್ಚಿ ಲಿವರನ್ನು ‘ಬಿಚ್ಚು’ ಕಡೆಯೇ ಬಿಡಿ. ಈಗ ಕೊಳವೆ ಸುತ್ತುವ ದಿಕ್ಕಿಗೆ ತಿರುಗಲಾರದು. ಮುಂದಿನ ಕೆಲಸದ ಸುರಕ್ಷತೆ ಪೂರ್ತಿ ಇದರ ಮೇಲೆ ನಿಂತಿದೆ. ರ‍್ಯಾಚೆಟ್ ಮೇಲೆ ಅನುಮಾನವಿದ್ದರೆ ಮುಂದುವರಿಯಬೇಡಿ.

2. ಎಡತುದಿಯ ಮುಚ್ಚಳದ ತೂತಿಗೆ ಕಾಟರ್ ಪಿನ್ ತೂರಿಸಿ. ದಂಡ ಮತ್ತು ಕೊಳವೆ ಒಂದಕ್ಕೊಂದು ಬೀಗ ಬಿದ್ದಂತಾಗುತ್ತದೆ. ತೂತು ಹೊಂದದಿದ್ದರೆ ಆನಿಂಗನ್ನು ಒಂದಷ್ಟು ಹೊರಕ್ಕೆ ಎಳೆದು ಹೊಂದಿಸಿ.

3. ಕೊಳವೆಯ ಎಡತುದಿಯನ್ನು ಏಣಿಯ ಮೇಲೆ ಆಸರೆ ಕೊಟ್ಟು, ಹೊರತೋಳಿನ ತಲೆಯ ಬೋಲ್ಟ್ ತೆಗೆದು ತೋಳನ್ನು ದಂಡದಿಂದ ಬಿಡಿಸಿ.

4. ದಂಡದ ಚಪ್ಪಟೆ ತುದಿಗೆ ಪ್ಲೈಯರನ್ನು ಬಿಗಿಯಾಗಿ ಕಚ್ಚಿಸಿ. ಎರಡೂ ಕೈಯಲ್ಲಿ ಭಾರ ಹಿಡಿದ ಮೇಲೆ ಜೊತೆಗಾರರು ಪಿನ್ ಎಳೆಯಲಿ. ಈ ಕ್ಷಣದಲ್ಲಿ ಪ್ಲೈಯರ್ ಜಾರಿದರೆ ಅದು ಗಿರಗಿರನೆ ತಿರುಗಿ ಸಿಕ್ಕಿದ್ದನ್ನು ಬಡಿಯುತ್ತದೆ. ಮುಖವನ್ನು ಅದರ ಸುತ್ತಿನ ದಾರಿಯಿಂದ ದೂರ ಇಡಿ.

5. ಬಟ್ಟೆ ಸುತ್ತಿಕೊಳ್ಳುವಾಗ ಕೊಳವೆ ಯಾವ ದಿಕ್ಕಿಗೆ ತಿರುಗುತ್ತದೆಯೋ ಅದೇ ದಿಕ್ಕಿಗೆ ದಂಡವನ್ನು ಒಂದು ಸುತ್ತು ತಿರುಗಿಸಿ. ಬಿಗಿಯಾಗುತ್ತ ಹೋಗಬೇಕು, ಸಡಿಲವಾದರೆ ದಿಕ್ಕು ತಪ್ಪಿದೆ.

6. ಪಿನ್ ಹಾಕಿ, ತೋಳು ಸೇರಿಸಿ, ಬೋಲ್ಟ್ ಬಿಗಿದ ಮೇಲೆ ಪಿನ್ ತೆಗೆಯಿರಿ. ಮುಚ್ಚಿ ನೋಡಿ. ಸಾಲದಿದ್ದರೆ ಇನ್ನೊಂದು ಸುತ್ತು. ಒಮ್ಮೆಲೇ ನಾಲ್ಕೈದು ಕೊಟ್ಟರೆ ಬಿಚ್ಚುವಾಗ ಸ್ಪ್ರಿಂಗ್ ಅಳತೆ ಮೀರಿ ತಿರುಚಿಕೊಂಡು ತುಂಡಾಗಬಹುದು.

ತುಂಡಾದ ಸ್ಪ್ರಿಂಗನ್ನು ರಿಪೇರಿ ಮಾಡಲು ಬರುವುದಿಲ್ಲ, ದಂಡ, ಮುಚ್ಚಳ ಸಮೇತ ಜೋಡಣೆಯಾಗಿಯೇ ಕೊಳ್ಳಬೇಕು. ಅದಕ್ಕೆ ರಿವೆಟ್ ಕೊರೆದು ತೆಗೆಯಬೇಕು, ಹೊಸ ರಿವೆಟ್ ಹೊಡೆಯಬೇಕು. ಹಳೆಯದರಲ್ಲಿ ಉಳಿದ ಬಿಗುವನ್ನು ಮೊದಲು ಸುತ್ತು ಎಣಿಸುತ್ತ ನಿಧಾನವಾಗಿ ಬಿಡಿಸಿಯೇ ರಿವೆಟ್ ಮುಟ್ಟಬೇಕು. ರ‍್ಯಾಚೆಟ್ ಬದಿಯ ಮುಚ್ಚಳ ಬಿಚ್ಚುವ ಕೆಲಸವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಕ್ಯಾಂಪ್‌ಗ್ರೌಂಡಿಗೇ ಬಂದು ಕೆಲಸ ಮಾಡಿಕೊಡುವ ಆರ್‌ವಿ ತಂತ್ರಜ್ಞರು ಇರುವುದು ಇಂಥದ್ದಕ್ಕೇ.

ಇವತ್ತೇ ಹೊರಡಬೇಕು, ಭಾಗಗಳು ಸಿಗುವುದಿಲ್ಲ

ಅರ್ಧ ತೆರೆದ ಆನಿಂಗ್ ಇಟ್ಟುಕೊಂಡು ಒಂದು ಮೈಲಿಯೂ ಓಡಿಸಬಾರದು. ಅದು ಚಾಚಿರುವುದು ಬಲಗಡೆ, ಮರ, ಫಲಕ, ಪಾದಚಾರಿಗಳೆಲ್ಲ ಇರುವುದೂ ಅದೇ ಕಡೆ. ಲಿವರ್ ‘ಸುತ್ತು’ ಕಡೆ ಇಟ್ಟು ಇಬ್ಬರು ಎರಡೂ ತುದಿಯಲ್ಲಿ ನಿಂತು ಕೊಳವೆಯನ್ನು ಕೈಯಿಂದಲೇ ತಿರುಗಿಸಿ. ರ‍್ಯಾಚೆಟ್ ಹಿಂದಕ್ಕೆ ಬಿಡುವುದಿಲ್ಲವಾದ್ದರಿಂದ ಸುತ್ತಿದಷ್ಟು ಉಳಿಯುತ್ತದೆ. ತೋಳುಗಳನ್ನು ಗೋಡೆಗೆ ಒತ್ತಿ ಚಿಲಕ ಹಾಕಿ, ಗುಬುಟು ಬಿಗಿಯಿರಿ. ಪ್ರತಿ ತೋಳಿಗೂ ಮೇಲೊಂದು ಕೆಳಗೊಂದು ಸಾಮಾನು ಬಿಗಿಯುವ ರ‍್ಯಾಚೆಟ್ ಪಟ್ಟಿ ಸುತ್ತಿ, ಒಳತೋಳು ಹೊರತೋಳು ಒಟ್ಟಿಗೆ ಕೂರುವಂತೆ ಬಿಗಿಯಿರಿ. ಮೇಲಿನ ಪಟ್ಟಿ ಸುರುಳಿಯನ್ನೂ ಸೇರಿಸಿಕೊಳ್ಳಲಿ. ರಬ್ಬರ್ ಹಗ್ಗ ಸಾಲದು, ಗಾಳಿ ಎಳೆದಷ್ಟೂ ಅದು ಹಿಗ್ಗುತ್ತದೆ. ಹೊರಟ ಮೇಲೆ ಹತ್ತು ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ನೋಡಿ, ಆಮೇಲೆ ಪ್ರತಿ ನಿಲುಗಡೆಯಲ್ಲೂ ನೋಡಿ.

ಏನು ಮಾಡಿದರೂ ಸುತ್ತದಿದ್ದರೆ ಬಟ್ಟೆ ಕತ್ತರಿಸುವುದೊಂದೇ ದಾರಿ. ಆದರೆ ಬಟ್ಟೆ ಹಿಡಿದಿರುವವರೆಗೆ ಮಾತ್ರ ಸ್ಪ್ರಿಂಗ್ ಅಡಗಿರುತ್ತದೆ. ಲಿವರ್ ‘ಬಿಚ್ಚು’ ಕಡೆ ಇಡದೆ, ಎಡತುದಿಗೆ ಪಿನ್ ಹಾಕದೆ ಕತ್ತರಿಸಿದರೆ ಕೊಳವೆ ಹುಚ್ಚಾಪಟ್ಟೆ ತಿರುಗುತ್ತದೆ.

ಹೊಸ ಬಟ್ಟೆ ತರಿಸುವಾಗ

ಬಟ್ಟೆಯನ್ನು ಟೇಪಿನಿಂದ ಅಳೆದು ಆರ್ಡರ್ ಮಾಡಿದರೆ ತಪ್ಪು ಅಳತೆ ಬರುತ್ತದೆ. ಅಂಗಡಿಯವರು ಹೇಳುವ 15 ಅಡಿ, 18 ಅಡಿ ಎಂಬುದು ಆನಿಂಗಿನ ಅಳತೆ, ಅಂದರೆ ಒಂದು ತೋಳಿನ ನಡುವಿನಿಂದ ಇನ್ನೊಂದು ತೋಳಿನ ನಡುವಿಗೆ ಇರುವ ಅಂತರ. ಬಟ್ಟೆಯ ಅಗಲ ಅದಕ್ಕಿಂತ ಸುಮಾರು 8ರಿಂದ 10 ಅಂಗುಲ ಕಡಿಮೆ ಇರುತ್ತದೆ. ತೋಳಿನಿಂದ ತೋಳಿಗೆ ಅಳೆದು, ಮಾದರಿಯ ಹೆಸರಿನ ಜೊತೆ ಕೊಡಿ. ವಿನೈಲ್ ಅಗ್ಗ, ನೀರು ಬಿಡುವುದಿಲ್ಲ, ಆದರೆ ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಕ್ರಿಲಿಕ್ ನೇಯ್ದ ಬಟ್ಟೆ, ಗಾಳಿಯಾಡುತ್ತದೆ, ಬೇಗ ಒಣಗುತ್ತದೆ, ಮಳೆ ಬರುವಾಗ ಕೆಳಗಿನಿಂದ ಮುಟ್ಟಿದ ಜಾಗದಲ್ಲಿ ಮಾತ್ರ ಜಿನುಗುತ್ತದೆ. ಅರಿಜೋನಾದ ಬಿಸಿಲಲ್ಲಿ ಇರುವವರಿಗೆ ನಾನು ಅಕ್ರಿಲಿಕ್ ಹೇಳುತ್ತೇನೆ, ಸಿಯಾಟಲ್ ಕಡೆಯ ಮಳೆಯಲ್ಲಿ ಓಡಾಡುವವರು ವಿನೈಲ್ ತೆಗೆದುಕೊಂಡು, ಮನೆಗೆ ಬಂದ ಮರುದಿನವೇ ಅಂಗಳದಲ್ಲಿ ಬಿಚ್ಚಿ ಒಣಗಿಸಿಕೊಳ್ಳಲಿ.